ಐದನೆಯ ಮನೆ

ನಮ್ಮ ಮೇಷ್ಟ್ರು ಮೂವತ್ತು ವರುಷಕ್ಕೂ ಮೇಲ್ಪಟ್ಟು ಹೈಸ್ಕೂಲಿನ ಹುಡುಗರಿಗೆ ಬೀಜಗಣಿತವನ್ನು ಬೋಧಿಸಿ ನಿವೃತ್ತರಾದವರು. ಮೈಸೂರಿನಲ್ಲಿ ರೇಸಿನ ಋತು ನಡೆಯುತ್ತಿರುವಾಗ, ಓಟದ ಹಿಂದಿನ ಸಂಜೆ, ಸಂಧ್ಯಾವಂದನೆಯನ್ನು ಮುಗಿಸಿ, ಕನ್ನಡಕವನ್ನು ಮೂಗಿಗೇರಿಸಿ, ಮರುದಿನದ ರೇಸ್ ಪುಸ್ತಕವನ್ನೂ ಕೈಯಿಂದ ಗೆರೆಯೆಳೆದ ನೋಟುಪುಸ್ತಕವೊಂದನ್ನೂ ಮುಂದಿಟ್ಟುಕೊಂಡು ಅವರು ಕುಳಿತರೆಂದರೆ, ರಾತ್ರಿಯ ಊಟಕ್ಕೆ ಮನೆಯವರು ಮೂರು ಸಲ ಕರೆದಲ್ಲದೆ ಏಳುವವರಲ್ಲ. ಒಂದು ಓಟಕ್ಕೆ ಐವತ್ತು ರೂಪಾಯಿಗಿಂತ ಹೆಚ್ಚು ಕಟ್ಟಿದವರೂ ಅಲ್ಲ. ‘ಜಪದ ಬೆನ್ನಿಗೇ ಜೂಜೇ?’ ಎಂದು ನಾನೊಮ್ಮೆ ಹಾಸ್ಯಮಾಡಿದಾಗ ಅವರು ತಲೆಯೆತ್ತದೆಯೇ, ‘ಬನ್ನಿ ಇವರೇ, ಕೂತ್ಕೊಳ್ಳಿ. ಇದೂ ಒಂದು ಪಾರಾಯಣ ಅನ್ನಿ’ ಎಂದರು.

ಮಾತು ಕೇವಲ ವಿನೋದದ್ದಾಗಿರಲಿಲ್ಲವೆಂಬುದು ಆ ನೋಟುಪುಸ್ತಕವನ್ನು ನೋಡಿದ ಮೇಲೆ ತಿಳಿಯಿತು. ಪ್ರತಿಯೊಂದು ಕುದುರೆಯ ಹೆಸರಿನ ಮುಂದೆಯೂ ಐದು ಮನೆಗಳು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಸಕಲ ಕರ್ಮಗಳ ಸಿದ್ಧಿಗೂ ಐದು ಕಾರಣಗಳನ್ನು ಎಣಿಸುತ್ತಾನಷ್ಟೆ: ಅಧಿಷ್ಠಾನ, ಕರ್ತೃ, ಕರಣ, ನಾನಾವಿಧವಾದ ಚೇಷ್ಟೆ, ಐದನೆಯದಾಗಿ ದೈವ. ಆ ಐದನ್ನೇ ಮೇಷ್ಟ್ರು ತಮ್ಮ ಕೋಷ್ಟಕಕ್ಕೆ ಶಿರೋನಾಮೆಗಳನ್ನಾಗಿ ಮಾಡಿಕೊಂಡಿದ್ದರು. ಅಧಿಷ್ಠಾನವೆಂದರೆ ಶರೀರವೆಂದು ಭಾಷ್ಯಕಾರರು ಹೇಳಿರುವರಾದರೂ ಮೇಷ್ಟ್ರ ಪಾಲಿಗೆ ಅದು ನೆಲ: ಓಟ 1,200 ಮೀಟರಿನದೋ 2,000 ಮೀಟರಿನದೋ, ಹಿಂದಿನ ರಾತ್ರಿಯ ಮಳೆಗೆ ಹುಲ್ಲುನೆಲ ಎಷ್ಟು ಮೆತ್ತಗಾಗಿದೆ, ಮಣ್ಣಿಗೆ ಸಲಾಕೆಯಿಳಿಸಿ ಅಳೆಯುವ ಪೆನೆಟ್ರೋಮೀಟರಿನ ಅಂಕಿ ಎಷ್ಟು, ಕುದುರೆಗೆ ಒಳಗಿನ ಗೇಟು ಬಂದಿದೆಯೋ ಹೊರಗಿನದೋ ಎಂಬ ವಿವರ. ಕರ್ತೃ ಜಾಕಿ, ಕರಣ ಕುದುರೆ, ಚೇಷ್ಟೆಯೆಂದರೆ ಬೆಳಗಿನ ಜಾವದ ಟ್ರ್ಯಾಕ್ ವರ್ಕಿನಲ್ಲಿ ಅದು ಕೊನೆಯ 600 ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡಿತು, ಕಣ್ಣುಪಟ್ಟಿ ಹೊಸದಾಗಿ ಕಟ್ಟಿದ್ದಾರೆಯೆ, ಮೊದಲಿನಿಂದಲೇ ಮುನ್ನುಗ್ಗುವ ಜಾತಿಯೋ ಹಿಂದುಳಿದಿದ್ದು ಕೊನೆಗೆ ಬರುವ ಜಾತಿಯೋ ಎಂಬುದೆಲ್ಲ. ಕುದುರೆಯನ್ನು ಕರಣವೆಂದದ್ದು ಸರಿಯೆ ಎಂದು ನನಗೆ ಇಂದಿಗೂ ಸಂದೇಹವುಂಟು. ಸ್ಟಾರ್ಟಿಂಗ್ ಗೇಟಿನ ಮುಂದೆ ನಾಲ್ಕು ಕಾಲನ್ನೂ ಊರಿ, ಆರು ಜನ ತಳ್ಳಿದರೂ ಒಳಹೊಗಲೊಲ್ಲದೆ ನಿಂತ ಪ್ರಾಣಿಯನ್ನು ಕಂಡ ಯಾರಿಗೇ ಆಗಲಿ, ಅಲ್ಲಿ ಸ್ವತಂತ್ರನಾದ ಕರ್ತೃವೊಬ್ಬನು ನಿಂತಿರುವನೆಂದು ತೋರದಿರದು.

ಐದನೆಯ ಮನೆ ಖಾಲಿ. ಓಟದ ಹಿಂದಿನ ದಿನ ಅದರಲ್ಲಿ ಏನನ್ನೂ ಬರೆಯಕೂಡದೆಂಬುದು ಮೇಷ್ಟ್ರು ತಮಗೆ ತಾವೇ ವಿಧಿಸಿಕೊಂಡ ನಿಯಮ.

ಕರಣದ ಮನೆಯಲ್ಲಿ ಬರುವ ಭಾರದ ವಿಚಾರವು ತತ್ತ್ವಜಿಜ್ಞಾಸುವಿಗೆ ಮಿಕ್ಕೆಲ್ಲ ಸಂಗತಿಗಳಿಗಿಂತ ಹೆಚ್ಚು ರುಚಿಸತಕ್ಕದ್ದು. ಹ್ಯಾಂಡಿಕ್ಯಾಪ್ ಎಂಬ ಮಾತು ಇಂಗ್ಲೆಂಡಿನ ಹಳೆಯದೊಂದು ವಿನಿಮಯದಾಟದಿಂದ ಬಂದದ್ದು. ಇಬ್ಬರು ತಮ್ಮ ವಸ್ತುಗಳನ್ನು ಬದಲಾಯಿಸಿಕೊಳ್ಳುವಾಗ ಮಧ್ಯಸ್ಥನೊಬ್ಬನು ಬೆಲೆಯ ಅಂತರವನ್ನು ಗೊತ್ತುಮಾಡುತ್ತಿದ್ದನು, ಅವರು ಟೋಪಿಯೊಳಗೆ ಕೈಯಿಟ್ಟು ತೆಗೆದು ತಮ್ಮ ಸಮ್ಮತಿ ಅಸಮ್ಮತಿಗಳನ್ನು ತಿಳಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಡ್ಮಿರಲ್ ರೌಸ್ ಎಂಬ ನೌಕಾಧಿಕಾರಿಯು ಕುದುರೆಯ ವಯಸ್ಸಿಗೂ ಅದು ಹೊರಬೇಕಾದ ಭಾರಕ್ಕೂ ಕೋಷ್ಟಕವನ್ನೇ ಕಟ್ಟಿ, ಈ ಮಾಧ್ಯಸ್ಥ್ಯವನ್ನು ಶಾಸ್ತ್ರದ ಪದವಿಗೇರಿಸಿದನು. ಇಂದಿಗೂ ಕ್ಲಬ್ಬಿನ ಹ್ಯಾಂಡಿಕ್ಯಾಪರನು ಪ್ರತಿ ಕುದುರೆಯ ಹಿಂದಿನ ಓಟಗಳನ್ನು ತೂಗಿ ನೋಡಿ, ಬಲ್ಲಿದನಿಗೆ 60 ಕಿಲೋ, ಬಡವನಿಗೆ 50 ಕಿಲೋ ಎಂಬಂತೆ ಹೊರೆಯನ್ನು ಹಂಚುತ್ತಾನೆ. ಒಂದು ಮೈಲಿಯ ಓಟದಲ್ಲಿ ಒಂದು ಕಿಲೋ ಭಾರವು ಸುಮಾರು ಒಂದು ಕುದುರೆಯುದ್ದದ ಅಂತರಕ್ಕೆ ಸಮವೆಂಬುದು ಲೆಕ್ಕಿಗರ ರೂಢಿ. ಗೆದ್ದ ಕುದುರೆಗೆ ಮುಂದಿನ ಸಲ ಭಾರ ಏರುತ್ತದೆ, ಸೋತದ್ದಕ್ಕೆ ಇಳಿಯುತ್ತದೆ. ಇದು ಕರ್ಮಸಿದ್ಧಾಂತವನ್ನು ತಲೆಕೆಳಗು ಮಾಡಿದಂತಿದೆಯೆಂದು ನಾನು ನಕ್ಕೆ: ಸುಕೃತಕ್ಕೆ ಹೊರೆ, ಆಲಸ್ಯಕ್ಕೆ ವಿನಾಯಿತಿ! ಮೇಷ್ಟ್ರು ನಗಲಿಲ್ಲ. ಹ್ಯಾಂಡಿಕ್ಯಾಪರನ ಕೆಲಸ ಪರಿಪೂರ್ಣವಾದರೆ ಹನ್ನೊಂದು ಕುದುರೆಗಳೂ ಒಂದೇ ಗೆರೆಯಲ್ಲಿ ಗುರಿ ಮುಟ್ಟಬೇಕು, ಆಗ ಗೆಲುವೆಂಬುದೇ ಇಲ್ಲ ಎಂದರು. ಸಾಂಖ್ಯರು ಹೇಳುವುದೂ ಹಾಗೆಯೇ ಅಲ್ಲವೆ? ಮೂರು ಗುಣಗಳೂ ಸಮವಾಗಿ ನಿಂತಿರುವಷ್ಟು ಕಾಲ ಪ್ರಕೃತಿಯು ಅವ್ಯಕ್ತವಾಗಿರುತ್ತದೆ. ಆ ಸಾಮ್ಯ ಕದಲಿದಲ್ಲದೆ ಸೃಷ್ಟಿಯಿಲ್ಲ. ಪ್ರಾಜ್ಞನಾದ ಮಧ್ಯಸ್ಥನು ಎಚ್ಚರದಿಂದ ಕಟ್ಟಿದ ಸಾಮ್ಯವು ಎಲ್ಲಿ ಕೂದಲೆಳೆಯಷ್ಟು ಕದಲಿದೆಯೆಂದು ಹುಡುಕುವುದೇ ಗೆಲ್ಲುವ ಕುದುರೆಯನ್ನು ಆರಿಸುವ ವಿದ್ಯೆ.

ಹೀಗೆ ಆರಿಸತಕ್ಕದ್ದು ವಿದ್ಯೆಯೇ, ಅದೃಷ್ಟವೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮದರಾಸಿನ ರೇಸ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಕುದುರೆ ಓಟದಲ್ಲಿ ಪ್ರಧಾನವಾದದ್ದು ಕೌಶಲವೇ ಹೊರತು ಆಕಸ್ಮಿಕವಲ್ಲವೆಂದು ತೀರ್ಪಿತ್ತಿತು. ನ್ಯಾಯಾಧೀಶರಿಗೆ ಎರಡರಲ್ಲೊಂದನ್ನು ಆರಿಸಿಕೊಳ್ಳಲೇಬೇಕಾದ ಅನಿವಾರ್ಯವಿರುತ್ತದೆ. ಗೀತೆಗೆ ಆ ಅನಿವಾರ್ಯವಿಲ್ಲ. ಅಲ್ಲಿ ದೈವವು ಪೌರುಷದ ಎದುರಾಳಿಯಾಗಿ ಬಂದದ್ದಲ್ಲ, ನಾಲ್ಕರ ಸಾಲಿನಲ್ಲಿ ಐದನೆಯದಾಗಿ ಬಂದದ್ದು. ಅಷ್ಟೇ ಅಲ್ಲ, ಶಂಕರರು ಆ ದೈವವನ್ನು ಇಂದ್ರಿಯಗಳಿಗೆ ಅನುಗ್ರಾಹಕರಾದ ಆದಿತ್ಯಾದಿ ದೇವತೆಗಳೆಂದೂ, ರಾಮಾನುಜರು ಅಂತರ್ಯಾಮಿಯಾದ ಪರಮಾತ್ಮನೆಂದೂ ವ್ಯಾಖ್ಯಾನಿಸುವರಾದ್ದರಿಂದ, ಪಣ ಕಟ್ಟುವ ಟೋಟಿನ ಕಿಟಕಿಯ ಮುಂದೆ ಚೀಟಿ ಹರಿದೆಸೆಯುತ್ತ ‘ಎಲ್ಲಾ ದೈವೇಚ್ಛೆ’ ಎನ್ನುವವನ ದೈವಕ್ಕೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಅವನ ಮನಸ್ಸಿನಲ್ಲಿರುವುದು ನಮ್ಮ ಹಿರಿಯರು ಯದೃಚ್ಛೆಯೆಂದು ಬೇರೆಯಾಗಿಯೇ ಹೆಸರಿಟ್ಟದ್ದು. ಶ್ವೇತಾಶ್ವತರೋಪನಿಷತ್ತು ತನ್ನ ಆರಂಭದಲ್ಲಿಯೇ ಜಗತ್ತಿಗೆ ಕಾರಣವು ಕಾಲವೋ, ಸ್ವಭಾವವೋ, ನಿಯತಿಯೋ, ಯದೃಚ್ಛೆಯೋ ಎಂದು ಒಂದೊಂದನ್ನೂ ಬಿಡಿಸಿ ಕೇಳುತ್ತದೆ. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಅದು ಕಾಕತಾಲೀಯ. ಅದನ್ನು ದೈವವೆನ್ನುವುದು ದೈವಕ್ಕೂ ಕಾಗೆಗೂ ಮಾಡುವ ಅಪಚಾರ.

ಜೂಜು ಕುದುರೆಗಳೆರಡನ್ನೂ ಒಂದೇ ರಥದಲ್ಲಿ ಕೂರಿಸಿದ ಕಥೆ ನಮ್ಮಲ್ಲಿ ಒಂದುಂಟು. ನಳನು ಕುದುರೆಯ ಹೃದಯವನ್ನು ಬಲ್ಲವನು. ಆದರೆ ದಾಳದಾಟದಲ್ಲಿ ರಾಜ್ಯವನ್ನು ಕಳೆದುಕೊಂಡು, ರೂಪವನ್ನೂ ಕಳೆದುಕೊಂಡು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿದ್ದಾನೆ. ದಮಯಂತಿಯ ಮರುಸ್ವಯಂವರದ ಸುದ್ದಿ ಬಂದು, ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕೆಂದು ರಥವನ್ನು ಬಿಟ್ಟಿದ್ದಾರೆ. ರಾಜನ ಉತ್ತರೀಯ ಜಾರಿ ಬಿತ್ತು, ನಿಲ್ಲಿಸೆನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದುಳಿದಿತ್ತು. ಅಶ್ವವಿದ್ಯೆಗೆ ಬೆರಗಾದ ರಾಜನು ತನ್ನ ವಿದ್ಯೆಯನ್ನೂ ತೋರಿಸಬೇಕೆಂದು, ದಾರಿಯ ತಾರೆಮರವೊಂದನ್ನು ನೋಡಿದೊಡನೆ, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2,095 ಹಣ್ಣುಗಳೂ ಇವೆಯೆಂದುಬಿಟ್ಟನು. ಆ ತಾರೆಯ ಕಾಯಿಯೇ ಅಂದಿನ ದಾಳವೆಂಬುದನ್ನು ನೆನೆದರೆ ಕಥೆಯ ಗೂಢ ತಿಳಿದೀತು. ಗಡಿಯಾರದೊಡನೆ ಪಂದ್ಯ ಹೂಡಿದಂತೆ ಹೋಗುತ್ತಿದ್ದ ನಳನು ರಥವನ್ನು ನಿಲ್ಲಿಸಿ, ರಾಜನ ಆತುರವನ್ನು ಲೆಕ್ಕಿಸದೆ, ಮರವನ್ನು ಕಡಿದು ಎಣಿಸಿ ನೋಡಿದನು. ಎಣಿಕೆ ಸರಿಯಾಗಿತ್ತು. ಅಶ್ವಹೃದಯಕ್ಕೆ ಬದಲಾಗಿ ಅಕ್ಷಹೃದಯವನ್ನು ಬೇಡಿದನು, ಪಡೆದನು. ಪಡೆದ ಕ್ಷಣದಲ್ಲಿಯೇ, ಅವನನ್ನು ಹೊಕ್ಕು ಜೂಜಿನಲ್ಲಿ ಕೆಡಿಸಿದ್ದ ಕಲಿಯು ಅವನ ದೇಹವನ್ನು ಬಿಟ್ಟು ಹೊರಬಿದ್ದು ಆ ತಾರೆಮರವನ್ನೇ ಹೊಕ್ಕನು.

ಕಲಿಯನ್ನು ಓಡಿಸಿದ್ದು ಮಂತ್ರವಲ್ಲ, ಎಣಿಕೆ. ‘ಕಲಿಗೆ ಎಣಿಕೆ ಅಂದ್ರೆ ಭಯ’ ಎಂದು ಮೇಷ್ಟ್ರು ಹೇಳುವುದುಂಟು. ಮೇಷ್ಟ್ರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. 1891ರಲ್ಲಿ ಸ್ಥಾಪಿತವಾದ ನಮ್ಮ ರೇಸ್ ಕ್ಲಬ್ಬಿನ ಸ್ಟ್ಯಾಂಡಿನಲ್ಲಿ, ಚಾಮುಂಡಿ ಬೆಟ್ಟಕ್ಕೆ ಎದುರಾಗಿ ಕುಳಿತು, ಮೂರು ವರುಷದ ಅಂಕಿಗಳನ್ನೆಲ್ಲ ಬಾಯಿಪಾಠವಾಗಿ ಒಪ್ಪಿಸುವವರನ್ನು ನಾನು ನೋಡಿದ್ದೇನೆ; ಕಲಿಯು ಅವರನ್ನು ಬಿಟ್ಟಿರುವುದಂತಿರಲಿ, ಆ ಅಂಕಿಗಳ ಮೇಲೆಯೇ ಕಾಲುಚಾಚಿ ಕುಳಿತಿರುತ್ತಾನೆ. ಎಣಿಸುವುದು ಕುದುರೆಯನ್ನೇ ಹೊರತು ತಮ್ಮನ್ನಲ್ಲವೆಂಬುದೇ ಅವರ ರೋಗವೆಂದು ತೋರುತ್ತದೆ. 1949ರಲ್ಲಿ ಗ್ರಿಫಿತ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಅಲ್ಲಿಯ ರೇಸುಗಳ ಲೆಕ್ಕವನ್ನು ಪರಿಶೀಲಿಸಿ, ಗೆಲ್ಲುವ ಸಂಭವ ಬಹಳವಾಗಿರುವ ಕುದುರೆಯ ಮೇಲೆ ಜನ ಕಟ್ಟಬೇಕಾದುದಕ್ಕಿಂತ ಕಡಮೆಯನ್ನೂ, ಸಂಭವ ತೀರ ಅಲ್ಪವಾಗಿರುವುದರ ಮೇಲೆ ಕಟ್ಟಬೇಕಾದುದಕ್ಕಿಂತ ಹೆಚ್ಚನ್ನೂ ಕಟ್ಟುತ್ತಾರೆಂದು ತೋರಿಸಿದನು. ಟೋಟಿನಲ್ಲಿ ಬೆಲೆಯನ್ನು ಗೊತ್ತುಮಾಡುವವರು ಜನರೇ. ಎಲ್ಲರ ಹಣವೂ ಒಂದು ಕೊಳಕ್ಕೆ ಬಿದ್ದು, ತೆರಿಗೆಯೂ ಕ್ಲಬ್ಬಿನ ಪಾಲೂ ಕಳೆದು, ಮಿಕ್ಕದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಆದುದರಿಂದ ಆಶೆಯೆಂಬ ಮನೋವಿಕಾರವನ್ನು ರೂಪಾಯಿ ಪೈಸೆಗಳಲ್ಲಿ ಅಳೆದು ತೋರಿಸುವ ಯಂತ್ರವು ಟೋಟಿನ ಹಲಗೆಯಲ್ಲದೆ ಪ್ರಪಂಚದಲ್ಲಿ ಇನ್ನೊಂದಿರಲಾರದು. ಜನರ ಮೆಚ್ಚಿನ ಕುದುರೆಯೂ ಸರಿಸುಮಾರು ಮೂರು ಓಟಕ್ಕೆ ಒಂದರಲ್ಲಿಯಷ್ಟೇ ಗೆಲ್ಲುತ್ತದೆಂಬುದನ್ನು ಅನೇಕ ದೇಶಗಳ ದಾಖಲೆಗಳು ಹೇಳುತ್ತವೆ. ಅತ್ಯಂತ ಸರಿಯಾದ ತೀರ್ಮಾನಕ್ಕೂ ಮೂರರಲ್ಲಿ ಎರಡು ಸಲ ಸೋಲೇ ಗತಿಯೆಂದಾಯಿತು.

ಸರಿಯಾದ ತೀರ್ಮಾನ ಸೋಲುವುದಕ್ಕೆ ದೈವವೇ ಬೇಕೆಂದೂ ಇಲ್ಲ. ಆದಿಪರ್ವದ ವಿನತೆಯು ಉಚ್ಚೈಃಶ್ರವಸ್ಸು ಶುದ್ಧ ಶ್ವೇತವೆಂದು ಪಣವೊಡ್ಡಿದಳು. ಬಾಲ ಕಪ್ಪೆಂದಳು ಕದ್ರು. ವಿನತೆಯ ಮಾತೇ ನಿಜ. ಆದರೂ ರಾತ್ರಿ ಕಳೆದು ಹೋಗಿ ನೋಡುವಾಗ ಕದ್ರುವಿನ ಮಕ್ಕಳಾದ ಸರ್ಪಗಳು ಬಾಲಕ್ಕೆ ಸುತ್ತಿಕೊಂಡು ಅದನ್ನು ಕಪ್ಪಾಗಿಸಿದ್ದವು, ವಿನತೆ ದಾಸಿಯಾದಳು. ಕುದುರೆಯ ಮೇಲೆ ಕಟ್ಟಿದ ಪಣಗಳಲ್ಲಿ ನಾನು ಬಲ್ಲ ಅತ್ಯಂತ ಪ್ರಾಚೀನವಾದದ್ದರಲ್ಲಿಯೇ ಮೋಸ ನಡೆದಿತ್ತು! ಇದನ್ನು ಯಾವ ಮನೆಗೆ ಬರೆಯುವಿರೆಂದು ಕೇಳಿದೆ. ‘ನಾಲ್ಕನೇದಕ್ಕೆ. ಹಾವುಗಳದ್ದೂ ಚೇಷ್ಟೆಯೇ ತಾನೇ?’ ಎಂದರು ಮೇಷ್ಟ್ರು.

ಅವರ ಹಳೆಯ ನೋಟುಪುಸ್ತಕಗಳನ್ನು ಒಂದು ಮಧ್ಯಾಹ್ನ ನಾನು ತಿರುವಿಹಾಕಿದೆ. ಸೋತ ದಿನಗಳೇ ಹೆಚ್ಚು. ಐದನೆಯ ಮನೆಯು ಸೋಲಿನ ಸಮಾಧಾನಕ್ಕೆಂದು ಮೀಸಲಾದದ್ದೆಂದು ನಾನು ಭಾವಿಸಿದ್ದೆ. ಹಾಗಿದ್ದರೆ ಪುಟಪುಟವೂ ಅಲ್ಲಿ ತುಂಬಿರಬೇಕಾಗಿತ್ತು. ತುಂಬಿರಲಿಲ್ಲ. ಸೋತ ಕುದುರೆಯ ಸಾಲಿನಲ್ಲಿ ಎಲ್ಲಿಯೋ ಒಂದು ಕಡೆ ಕೆಂಪು ಪೆನ್ಸಿಲಿನ ತಿದ್ದುಪಾಡು: ‘ನೆಲ ಮೆತ್ತಗಿತ್ತು, ಇದು ಗಟ್ಟಿ ನೆಲದ್ದು’, ‘ದೂರ ಸಾಲದು’, ‘ಎರಡು ಕಿಲೋ ಏರಿದ್ದನ್ನು ಮರೆತೆ’. ಕಣ್ಣಿಗೆ ಕಾಣುವ ನಾಲ್ಕು ಕಾರಣಗಳಲ್ಲಿ ತಮ್ಮ ತಪ್ಪನ್ನು ಸೋಸಿ ನೋಡುವವರೆಗೆ ಕಾಣದ ಐದನೆಯದರ ಹೆಸರೆತ್ತುವ ಅಧಿಕಾರವನ್ನು ಅವರು ತಮಗೆ ಕೊಟ್ಟುಕೊಂಡಿರಲಿಲ್ಲ.

ಆ ಋತುವಿನ ಕೊನೆಗೆ ಒಂದು ದಿನ ನಾನೂ ಜೊತೆಯಲ್ಲಿ ಹೋದೆ. ಕೊನೆಯ ಓಟ 1,400 ಮೀಟರಿನದು. ಮೇಷ್ಟ್ರು ಆರಿಸಿದ್ದು ಬೂದುಬಣ್ಣದ ಒಂದು ಹೆಣ್ಣುಕುದುರೆಯನ್ನು. ಮುನ್ನುಗ್ಗುವ ಜಾತಿಯ ಎರಡು ಕುದುರೆಗಳು ಮೊದಲ ಅರ್ಧದಲ್ಲಿಯೇ ಪರಸ್ಪರ ಹೋರಾಡಿ ದಣಿಯುವುವು, ಹಿಂದಿನಿಂದ ಬರುವ ಇದಕ್ಕೆ ಆಗ ದಾರಿಯಾಗುವುದು ಎಂಬುದು ಅವರ ತರ್ಕ. ಗೇಟು ತೆರೆದಾಗ ಆ ಎರಡರಲ್ಲಿ ಒಂದು ಎಡವಿ ಹಿಂದೆಯೇ ಉಳಿಯಿತು. ಮುಂದಿನದು ಒಂಟಿಯಾಗಿ, ನಿಧಾನವಾಗಿ, ದಣಿವೆಂಬುದನ್ನೇ ಅರಿಯದೆ ಓಡಿತು. ಮೇಷ್ಟ್ರು ದುರ್ಬೀನನ್ನು ಇಳಿಸಿ ‘ಮುಗೀತು’ ಎಂದರು. ಗುರಿಗೆ ಇನ್ನೂರು ಮೀಟರು ಇರುವಾಗ, ಏನು ಕಂಡು ಬೆದರಿತೋ, ಮುಂದಿದ್ದ ಕುದುರೆ ಹೊರಗಡೆಗೆ ಓಲಿತು. ಓಲುತ್ತ ತನ್ನ ಮಗ್ಗುಲಲ್ಲಿದ್ದ ಮೆಚ್ಚಿನ ಕುದುರೆಯನ್ನೂ ಎಳೆದುಕೊಂಡು ಹೋಯಿತು. ಒಳಗಿನ ಕಟಾಂಜನದ ಪಕ್ಕದಲ್ಲಿ ತೆರೆದ ಸಂದಿಯಲ್ಲಿ ನಮ್ಮ ಬೂದುಕುದುರೆ ನುಸುಳಿ ಬಂದು ಒಂದು ಕತ್ತಿನ ಅಂತರದಿಂದ ಗೆದ್ದಿತು.

‘ಹೇಳಿ ಹೊಡೆದ ಹಾಗಾಯ್ತಲ್ಲ ಮೇಷ್ಟ್ರೇ!’ ಎಂದು ಪರಿಚಿತರು ಬೆನ್ನು ತಟ್ಟಿದರು. ಅವರು ಸುಮ್ಮನೆ ನಕ್ಕರು. ಮನೆಗೆ ಬಂದು, ಕೈಕಾಲು ತೊಳೆದು, ನೋಟುಪುಸ್ತಕವನ್ನು ತೆರೆದು, ಆ ಕುದುರೆಯ ನಾಲ್ಕನೆಯ ಮನೆಯಲ್ಲಿದ್ದ ತಮ್ಮ ಬರಹದ ಮೇಲೆ ಕೆಂಪು ಗೀಟೆಳೆದರು. ಆಮೇಲೆ ಐದನೆಯ ಮನೆಯಲ್ಲಿ, ಆ ಋತುವಿನಲ್ಲಿ ಮೊದಲ ಸಲ, ‘ದೈವ’ ಎಂದು ಬರೆದರು. ನಾನು ಮುಖ ನೋಡಿದೆ.

‘ಸ್ಟೆಪ್ಪು ತಪ್ಪು, ಉತ್ತರ ಸರಿ’ ಎಂದರು. ‘ಇಂಥಾದ್ದಕ್ಕೆ ನಾನು ಕ್ಲಾಸಿನಲ್ಲಿ ಯಾವತ್ತೂ ಮಾರ್ಕು ಕೊಟ್ಟವನಲ್ಲ, ಇವರೇ.’

ಹೀಗೆಂದು, ಒಳಗಿನಿಂದ ಕಾಫಿ ಬರುವಷ್ಟರಲ್ಲಿ, ಗೆದ್ದ ಹಣವನ್ನು ಎರಡು ಸಲ ಎಣಿಸಿ ಜೇಬಿಗಿಟ್ಟುಕೊಂಡರು.