ಮತವಿಲ್ಲದವರ ಮೇಲಿನ ಸುಂಕ

ಮಾರ್ಚ್ 2018ರಲ್ಲಿ ಅಮೆರಿಕ ಆಮದು ಉಕ್ಕಿನ ಮೇಲೆ ಶೇ. 25ರಷ್ಟು ಸುಂಕ ಹಾಕಿತು. ಆಧಾರ 1962ರ ಒಂದು ಕಾಯ್ದೆ, ಕೊಟ್ಟ ಕಾರಣ ರಾಷ್ಟ್ರೀಯ ಭದ್ರತೆ. ಪೆನ್ಸಿಲ್ವೇನಿಯಾದಲ್ಲಿ ಕುಲುಮೆಗಳು ತಣ್ಣಗಾದ ಊರುಗಳ ಸಂಕಟ ಸುಳ್ಳಲ್ಲ. ತನ್ನ ಕಾರ್ಮಿಕರನ್ನು ಕಾಯುವುದು ಸರ್ಕಾರದ ಧರ್ಮವೆಂದು ನಾನೂ ನಂಬುತ್ತೇನೆ. ಆದರೆ ಆ ಸುಂಕದ ಪೆಟ್ಟು ತಿಂದವರಲ್ಲಿ ಬಹಳಷ್ಟು ಮಂದಿಗೆ ಅಮೆರಿಕದಲ್ಲಿ ಮತವಿಲ್ಲ. ಅವರ ಅಹವಾಲನ್ನು ಕೇಳಬೇಕಾದವರು ಯಾರು?

ಸುಂಕ ಹಾಕಿದ ಮಾತ್ರಕ್ಕೆ ಉಕ್ಕು ಇಲ್ಲವಾಗುವುದಿಲ್ಲ. ಊದುಕುಲುಮೆಯನ್ನು ಅಂಗಡಿಯಂತೆ ಸಂಜೆ ಮುಚ್ಚಿ ಬೆಳಿಗ್ಗೆ ತೆರೆಯಲಾಗದು. ಅದು ವರ್ಷಗಟ್ಟಲೆ ಉರಿಯುತ್ತಲೇ ಇರಬೇಕು. ಒಂದು ದೇಶ ಬಾಗಿಲು ಹಾಕಿಕೊಂಡರೆ ಸರಕು ಸಿಕ್ಕ ಬೆಲೆಗೆ ಇನ್ನೊಂದು ಬಂದರು ಹುಡುಕುತ್ತದೆ. ಒಬ್ಬ ತನ್ನ ಹೊಲದ ಬದು ಎತ್ತರಿಸಿದರೆ ಮಳೆನೀರು ಪಕ್ಕದ ಹೊಲಕ್ಕೆ ನುಗ್ಗುತ್ತದೆ, ಆ ಹೊಲದವನೂ ಬದು ಎತ್ತರಿಸುತ್ತಾನೆ. ಆಗಿದ್ದೂ ಅದೇ. ಜುಲೈ ತಿಂಗಳಲ್ಲಿ ಐರೋಪ್ಯ ಒಕ್ಕೂಟ, ಅಕ್ಟೋಬರಿನಲ್ಲಿ ಕೆನಡಾ ತಮ್ಮ ಬದುಗಳನ್ನು ಏರಿಸಿದವು. ದಕ್ಷಿಣ ಕೊರಿಯಾ ಸುಂಕ ತಪ್ಪಿಸಿಕೊಳ್ಳಲು ಹಿಂದಿನ ರಫ್ತಿನ ಶೇ. 70ಕ್ಕೇ ನಿಲ್ಲಲು ಒಪ್ಪಿತು. ಆಗಸ್ಟ್‌ನಲ್ಲಿ ರಾಜಕೀಯ ಜಗಳದ ನಡುವೆ ಟರ್ಕಿಯ ಉಕ್ಕಿನ ಮೇಲಿನ ಸುಂಕ ಶೇ. 50 ಆಯಿತು. ಅಲ್ಲಿನ ಕುಲುಮೆಯ ಮುಂದೆ ಬೆವರು ಸುರಿಸುವವನಿಗೂ ಆ ಜಗಳಕ್ಕೂ ಏನು ಸಂಬಂಧ?

ಜಗತ್ತಿನ ಉಕ್ಕಿನಲ್ಲಿ ಸುಮಾರು ಅರ್ಧ ಚೀನಾದ್ದು, ಅದರ ಅತಿ ಉತ್ಪಾದನೆಯೇ ರೋಗದ ಮೂಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಆ ಹೊತ್ತಿಗೆ ಅಮೆರಿಕಕ್ಕೆ ಅತಿ ಹೆಚ್ಚು ಉಕ್ಕು ಮಾರುತ್ತಿದ್ದುದು ಚೀನಾ ಅಲ್ಲ, ಕೆನಡಾ. ದಶಕಗಳಿಂದ ಜೊತೆಗೆ ನಿಂತ ಮಿತ್ರನ ಉಕ್ಕು ಭದ್ರತೆಗೆ ಅಪಾಯವೆಂದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಪ್ರತೀಕಾರವೂ ನಿರಪರಾಧಿಗಳನ್ನೇ ಹುಡುಕಿತು. ಜೂನ್ 2019ರಲ್ಲಿ ಭಾರತ 28 ಅಮೆರಿಕನ್ ಸರಕುಗಳ ಸುಂಕ ಏರಿಸಿದಾಗ ಬಾದಾಮಿ, ಆಕ್ರೋಟು, ಸೇಬುಗಳು ಪಟ್ಟಿಯಲ್ಲಿದ್ದವು. ಉಕ್ಕಿನ ವ್ಯಾಜ್ಯಕ್ಕೆ ತೋಟದ ರೈತ ದಂಡ ತೆತ್ತ.

ಮಾರ್ಚ್ 2002ರಲ್ಲೂ ಅಮೆರಿಕ ಶೇ. 30ರವರೆಗೆ ಉಕ್ಕಿನ ಸುಂಕ ಹಾಕಿತ್ತು. ಆಗ ಹೊರಗಿನವರ ದೂರಿಗೆ ಒಂದು ಕಟ್ಟೆಯಿತ್ತು. ನವೆಂಬರ್ 2003ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ ಅದು ನಿಯಮಬಾಹಿರವೆಂದಿತು. ಐರೋಪ್ಯ ಒಕ್ಕೂಟ ಪ್ರತಿಸುಂಕಕ್ಕೆ ಸಜ್ಜಾಗಿತ್ತು. ಡಿಸೆಂಬರಿನಲ್ಲಿ ಸುಂಕ ತೆರವಾಯಿತು. 2018ರ ಸುಂಕದ ವಿರುದ್ಧವೂ ಡಿಸೆಂಬರ್ 2022ರಲ್ಲಿ ಅದೇ ಸಂಸ್ಥೆಯಿಂದ ತೀರ್ಪು ಬಂತು. ಭದ್ರತೆಯ ವಿಷಯ ನಿಮಗೆ ಸೇರಿದ್ದಲ್ಲವೆಂದು ಅಮೆರಿಕ ತಳ್ಳಿಹಾಕಿತು. ಮೇಲ್ಮನವಿ ಮಂಡಳಿಯೋ, ಹೊಸ ಸದಸ್ಯರ ನೇಮಕವನ್ನು ಅಮೆರಿಕವೇ ತಡೆದದ್ದರಿಂದ, 2019ರ ಕೊನೆಗೇ ನಿಂತುಹೋಗಿತ್ತು. ನನ್ನನ್ನು ಕಾಡುವುದು ಶೇ. 25 ಎಂಬ ಅಂಕಿಗಿಂತ ಈ ಖಾಲಿ ಕಟ್ಟೆ.

ಇದೇ ಅಳತೆಗೋಲನ್ನು ನಮಗೂ ಹಿಡಿಯಬೇಕು. ಏಪ್ರಿಲ್ 2025ರಲ್ಲಿ ಭಾರತ ಕೆಲವು ಬಗೆಯ ಉಕ್ಕಿನ ತಗಡು, ಸುರುಳಿಗಳ ಆಮದಿನ ಮೇಲೆ ಶೇ. 12ರ ರಕ್ಷಣಾ ಸುಂಕ ಹಾಕಿತು. ತೋರಣಗಲ್ಲಿನಲ್ಲಿರುವಂಥ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಅದು ಆಸರೆ. ನಮ್ಮ ನಿಯಮದಡಿ ವಿದೇಶಿ ರಫ್ತುದಾರರೂ ತನಿಖೆಯಲ್ಲಿ ತಮ್ಮ ವಾದ ಮಂಡಿಸಬಹುದು, ಅದು ಸಮಾಧಾನದ ಸಂಗತಿ. ಆದರೆ ಅಲ್ಲಿಗೆ ಬರುವುದು ಕಂಪನಿಯ ವಕೀಲ, ವಿಯೆಟ್ನಾಂನ ಕೂಲಿಯಾಳಲ್ಲ. ಪೀಣ್ಯದ ಶೆಡ್ಡಿನಲ್ಲಿ ತಗಡು ಕತ್ತರಿಸಿ ಬಿಡಿಭಾಗ ಮಾಡುವವನೂ ಅಲ್ಲ. ಅವನಿಗೆ ಬೆಲೆ ಏರಿದ್ದು ತಿಳಿಯುವುದು ಮುಂದಿನ ಲೋಡು ಬಂದಾಗ.