ಅಪ್ರಿಯಸತ್ಯವೂ ಕಲಾವಿದನೂ

ಸತ್ಯವನ್ನೇ ನುಡಿಯಬೇಕೆಂದು ವಿಧಿಸಿದ ಸ್ಮೃತಿಕಾರರು, ಅದು ಕೇಳುವವನಿಗೆ ಪ್ರಿಯವಾಗಿಯೂ ಇರಬೇಕೆಂದು ಒಂದು ಕಟ್ಟನ್ನು ಹಾಕಿರುವರು. ಮನೆವಾರ್ತೆಗೂ ನೆರೆಹೊರೆಯ ನಡೆನುಡಿಗೂ ಈ ಕಟ್ಟು ಹಿತವಾದುದೇ ಸರಿ. ಅಡಿಗೆಯಲ್ಲಿ ಉಪ್ಪು ಹೆಚ್ಚಾದುದನ್ನು ಹತ್ತು ಜನರ ಪಂಕ್ತಿಯಲ್ಲಿ ಸಾರುವವನನ್ನು ಸತ್ಯವಂತನೆಂದು ಯಾರೂ ಕೊಂಡಾಡರು. ಆದರೆ ಹುಣ್ಣು ಒಳಗೊಳಗೇ ಕೀವುಗಟ್ಟುತ್ತಿರುವಾಗ ವೈದ್ಯನು ಇಂಪಾದ ನಾಲ್ಕು ಮಾತುಗಳನ್ನಾಡಿ ಎದ್ದುಹೋದರೆ ಅದು ಸೌಜನ್ಯವೋ ದ್ರೋಹವೋ? ಸಮಾಜವು ಮುಚ್ಚಿಟ್ಟುದನ್ನು ತೆರೆದು ತೋರಿಸುವ ಅಧಿಕಾರವು ಕಲಾವಿದನಿಗೆ ಉಂಟೋ ಇಲ್ಲವೋ, ಉಂಟಾದರೆ ಅದರ ಮೇರೆ ಯಾವುದು ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಕನ್ನಡನಾಡಿನಲ್ಲಿ ಈ ಪ್ರಶ್ನೆಯನ್ನು ಕಟ್ಟೆಗೂ ಚಾವಡಿಗೂ ತಂದವರು ಚಿತ್ರನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು. 1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ಅವರ ಮನೆಮಾತು ತೆಲುಗು. ತಾರುಣ್ಯದಲ್ಲಿಯೇ ಛಂದಸ್ಸಿನ ಕಟ್ಟುಗಳನ್ನು ಹರಿದೊಗೆದು ಕವಿತೆ ಬರೆದು ಆಂಧ್ರರನ್ನು ಬೆರಗುಗೊಳಿಸಿದವರು. ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಒಲಿದವರು. ಐವತ್ತು ದಾಟಿದ ವಯಸ್ಸಿನಲ್ಲಿ, ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಅವರು 1970ರಲ್ಲಿ ಚಿತ್ರಪಟವಾಗಿಸಿದರು. ಚಿತ್ರಕಥೆಯನ್ನು ರಚಿಸಿ ಪ್ರಾಣೇಶಾಚಾರ್ಯನ ಪಾತ್ರವನ್ನು ವಹಿಸಿದವರು ಗಿರೀಶ ಕಾರ್ನಾಡರು, ನಾರಣಪ್ಪನಾದವರು ಪಿ. ಲಂಕೇಶರು, ಚಂದ್ರಿಯಾದವರು ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿಯವರು. ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಚಿತ್ರವನ್ನು ತೆಗೆಯಲಾಯಿತು.

ಕಥೆಯು ವಾಚಕರಿಗೆ ತಿಳಿಯದುದಲ್ಲ. ಆಚಾರಗಳನ್ನೆಲ್ಲ ಮೀರಿ ಬಾಳಿದ ನಾರಣಪ್ಪನು ಅಗ್ರಹಾರದಲ್ಲಿ ಸಾಯುತ್ತಾನೆ. ಹೆಣವು ಮನೆಯಲ್ಲಿದೆ, ಸಂಸ್ಕಾರವಾಗದೆ ಯಾರೂ ಉಣ್ಣುವಂತಿಲ್ಲ, ಸಂಸ್ಕಾರ ಮಾಡುವವರು ಯಾರು? ಅವನೊಡನಿದ್ದ ಚಂದ್ರಿಯು ತನ್ನ ಒಡವೆಗಳನ್ನು ಬಿಚ್ಚಿ ಮುಂದಿಟ್ಟೊಡನೆ, ಬೇಡವೆಂದು ಹಿಂಜರಿದವರೇ ನಾ ಮುಂದು ತಾ ಮುಂದೆನ್ನುತ್ತಾರೆ. ಶಾಸ್ತ್ರಕೋವಿದನಾದ ಪ್ರಾಣೇಶಾಚಾರ್ಯನು ಗ್ರಂಥಗಳನ್ನೆಲ್ಲ ಮಗುಚಿದರೂ ಉತ್ತರ ದೊರೆಯದು. ಮಾರುತಿಯ ಗುಡಿಯಲ್ಲಿಯೂ ಅಪ್ಪಣೆಯಾಗದು. ಇದನ್ನು ಕಂಡ ಮದ್ರಾಸಿನ ಸೆನ್ಸಾರ್ ಮಂಡಳಿಯವರು ಒಂದು ಪಂಗಡದ ಮನಸ್ಸು ನೊಂದೀತೆಂದು ಚಿತ್ರಕ್ಕೆ ಅನುಮತಿಯನ್ನು ನಿರಾಕರಿಸಿದರು. ಮೇಲಿನವರೆಗೆ ಹೋಗಿ ಹೋರಾಡಿದ ಬಳಿಕ ತಡೆಯು ತೆರವಾಯಿತು. ತಡೆದ ಆ ಚಿತ್ರಕ್ಕೇ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ಬಂದಿತು. ಕನ್ನಡಕ್ಕೆ ಆ ಮನ್ನಣೆ ದೊರೆತುದು ಅದೇ ಮೊದಲು.

ಪ್ರಶಸ್ತಿಯು ಬಂದುದರಿಂದಲೇ ಪ್ರಶ್ನೆಯು ತೀರಲಿಲ್ಲ. ಪೂರ್ವಪಕ್ಷದವರ ಮಾತಿನಲ್ಲಿಯೂ ತಿರುಳಿದೆ. ದೋಷವಿಲ್ಲದ ಕುಲವು ಯಾವುದು? ಒಂದು ಕುಲದ ದೋಷವನ್ನೇ ಊರೆದುರಿಗೆ ಹರಡುವುದು ನ್ಯಾಯವೆ? ಅದರಲ್ಲಿಯೂ ಆ ಕುಲಕ್ಕೂ ಭಾಷೆಗೂ ಹೊರಗಿನವನು ಈ ಕೆಲಸಕ್ಕೆ ಕೈಯಿಕ್ಕಬಹುದೆ? ಇವು ಹಗುರವಾದ ಆಕ್ಷೇಪಗಳಲ್ಲ.

ಬಾದಾಮಿಯ ಮೊದಲನೆಯ ಗುಹೆಯ ಪಕ್ಕದ ಬಂಡೆಯಲ್ಲಿ ಹದಿನೆಂಟು ತೋಳುಗಳ ನಟರಾಜನು ನರ್ತಿಸುತ್ತಿರುವನು. ಆತನನ್ನು ಕಂಡು ಕೈಮುಗಿಯುವವರು ನಾಟ್ಯಶಾಸ್ತ್ರವು ಹೇಳುವ ಎರಡು ಕಥೆಗಳನ್ನು ನೆನೆಯಬಹುದು. ಗ್ರಂಥದ ಆದಿಯಲ್ಲಿ, ಇಂದ್ರಧ್ವಜದ ಉತ್ಸವದಲ್ಲಿ ಭರತನು ಮೊದಲ ನಾಟಕವನ್ನಾಡಿಸುತ್ತಾನೆ. ಅದು ದೈತ್ಯರ ಸೋಲಿನ ಕಥೆ. ಕೆರಳಿದ ದೈತ್ಯರು ವಿಘ್ನಗಳೊಡಗೂಡಿ ನಟರ ಮಾತನ್ನೂ ನೆನಪನ್ನೂ ಕಟ್ಟಿಬಿಡುತ್ತಾರೆ. ಆಗ ಬ್ರಹ್ಮನು ಅವರನ್ನು ಕರೆದು, ಇದು ನಿಮ್ಮೊಬ್ಬರದೂ ಅಲ್ಲ, ದೇವತೆಗಳೊಬ್ಬರದೂ ಅಲ್ಲ, ಮೂರು ಲೋಕಗಳ ಶುಭಾಶುಭಗಳೆರಡನ್ನೂ ತೋರಿಸುವಂಥದು ಎಂದು ಸಮಾಧಾನಪಡಿಸುತ್ತಾನೆ. ನಟರ ರಕ್ಷಣೆಗೆ ನಾಟ್ಯಗೃಹವನ್ನೂ ಕಟ್ಟಿಸುತ್ತಾನೆ. ಗ್ರಂಥದ ಅಂತ್ಯದಲ್ಲಿಯಾದರೋ ಇದರ ವಿಪರೀತವಾದ ಕಥೆಯಿದೆ. ವಿದ್ಯಾಮದದಿಂದ ಬೀಗಿದ ಭರತಪುತ್ರರು ಋಷಿಗಳನ್ನು ಅಣಕಿಸಿ ಆಡುತ್ತಾರೆ, ಋಷಿಗಳು ಶಪಿಸುತ್ತಾರೆ, ಆ ಶಾಪಕ್ಕೆ ಮನ್ನಣೆ ಸಲ್ಲುತ್ತದೆ. ಎರಡು ಕಡೆಯಲ್ಲಿಯೂ ಪ್ರೇಕ್ಷಕರಿಗೆ ನೋವಾಯಿತು. ಒಂದು ನೋವಿಗೆ ಶಾಸ್ತ್ರವು ಸಮಾಧಾನವನ್ನು ಮಾತ್ರ ಹೇಳಿತು. ಇನ್ನೊಂದಕ್ಕೆ ನ್ಯಾಯವನ್ನೇ ಕೊಟ್ಟಿತು. ಆದುದರಿಂದ ನೋವಾಯಿತೆಂಬುದೇ ಪ್ರಮಾಣವಲ್ಲ. ಆಡಿದವನ ಭಾವವು ಯಾವುದು ಎಂಬುದೇ ಪ್ರಮಾಣ.

ಈ ಒರೆಗಲ್ಲಿನಲ್ಲಿ ‘ಸಂಸ್ಕಾರ’ವನ್ನು ತಿಕ್ಕಿ ನೋಡಿದರೆ, ಅದರಲ್ಲಿ ಅಣಕದ ಬಣ್ಣವು ಕಾಣದು. ಪ್ರಾಣೇಶಾಚಾರ್ಯನು ನಗೆಗೀಡಾದವನಲ್ಲ, ಆ ಅಗ್ರಹಾರದಲ್ಲಿ ಧರ್ಮವನ್ನು ನಿಜವಾಗಿ ಅರಸಿದವನು ಅವನೊಬ್ಬನೇ. ಅವನ ತಳಮಳವು ಗ್ರಂಥವನ್ನು ಓದಿ ಬದುಕನ್ನು ಓದದ ಸಕಲ ಪಂಡಿತರ ತಳಮಳ. ಇನ್ನು ಹೊರಗಿನವರೆಂಬ ಆಕ್ಷೇಪ. ಕಾದಂಬರಿಕಾರರು ಒಳಗಿನವರೇ, ನಿರ್ದೇಶಕರು ಹೊರಗಿನವರು. ಹೊರಗಿನವನು ಪರರ ಹುಣ್ಣನ್ನು ಮಾತ್ರ ಕೆದಕಿ ತನ್ನವರ ಹುಣ್ಣಿಗೆ ರೇಷ್ಮೆ ಹೊದಿಸುವವನಾಗಿದ್ದರೆ ಆಕ್ಷೇಪವು ಸತ್ಯವಾಗುತ್ತಿತ್ತು. ರೆಡ್ಡಿಯವರ ಮುಂದಿನ ಬಾಳು ಇದಕ್ಕೆ ಉತ್ತರ. 1975ರಲ್ಲಿ ತುರ್ತುಪರಿಸ್ಥಿತಿಯು ಬಂದಾಗ ಆ ದಂಪತಿಗಳು ಪ್ರಭುತ್ವಕ್ಕೂ ತಲೆಬಾಗಲಿಲ್ಲ. 1976ರಲ್ಲಿ ಸ್ನೇಹಲತಾ ಅವರು ಬಂಧಿತರಾಗಿ, ಉಬ್ಬಸದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ಎಂಟು ತಿಂಗಳು ಕಳೆದರು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ‘ಚಂಡಮಾರುತ’ವೆಂಬ ರೆಡ್ಡಿಯವರ ಮುಂದಿನ ಚಿತ್ರವು ಬಂದುದು ಅದೇ ವರ್ಷ. ಬಂಡಾಯದ ಬೆಲೆಯನ್ನು ಪತಿಗಾಗಿ ಪತ್ನಿಯು ತೆತ್ತಳೆಂದು ಹೇಳುವುದು ಆಕೆಗೆ ಅನ್ಯಾಯ. ಅದು ಆಕೆಯದೇ ನಿಶ್ಚಯ. ಆದರೂ ಆ ಮನೆಯಲ್ಲಿ ಬರಿದಾದ ಜಾಗವನ್ನು ಯಾವ ಸಿದ್ಧಾಂತವೂ ತುಂಬಲಾರದು ಎಂಬುದನ್ನು ಬಂಡಾಯವನ್ನು ದೂರದಿಂದ ಹೊಗಳುವವರು ಮರೆಯಬಾರದು.

ಪರದೇಶಗಳಲ್ಲಿಯೂ ಇಂಥವರ ದಾರಿಯು ಸುಗಮವಲ್ಲ. ಅಮೇರಿಕೆಯ ಆರ್ಸನ್ ವೆಲ್ಸ್ ಎಂಬ ನಿರ್ದೇಶಕನು ಬ್ರೆಜಿಲಿನಲ್ಲಿದ್ದಾಗ, 1942ರ ಅವನ ಚಿತ್ರವೊಂದರ 40 ನಿಮಿಷಗಳಿಗೂ ಮಿಕ್ಕ ಭಾಗವನ್ನು ಕಂಪನಿಯವರು ಕತ್ತರಿಸಿ, ಅಂತ್ಯವನ್ನೇ ಬದಲಿಸಿದರು. ಅಲ್ಲಿ ಕತ್ತರಿ ಹಿಡಿದುದು ಲಾಭದ ಕೈ, ಇಲ್ಲಿ ಅಂಜಿಕೆಯ ಕೈ. ಅಂಜಿಕೆಯ ಕತ್ತರಿಯಿಂದ ‘ಸಂಸ್ಕಾರ’ವು ಪಾರಾಯಿತು, ವೆಲ್ಸನ ಆ ತುಣುಕುಗಳು ಮರಳಿ ದೊರೆಯಲಿಲ್ಲ.

ಈ ಸೀಮೆಯವರಿಗೆ ಇದು ಹೊಸ ಪಾಠವೇನಲ್ಲ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ತಮ್ಮ ಹುಟ್ಟಿನ ಕುಲದ ಆಚಾರವನ್ನೇ ಮೊದಲು ಪ್ರಶ್ನಿಸಿದರು. ಆ ಬಳಿಕ ಇತರರನ್ನು. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕಾಳನ್ನಲ್ಲ, ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಆ ಜೋಳಿಗೆಗೆ ಚಟವನ್ನು ಹಾಕಬೇಕಾದರೆ, ಅದು ತನ್ನಲ್ಲಿದೆಯೆಂದು ಮೊದಲು ಒಪ್ಪಬೇಕಷ್ಟೆ. ಬೇಡುವವನು ನಕ್ಕಿದ್ದರೆ ಯಾರೂ ಬಾಗಿಲನ್ನು ತೆರೆಯುತ್ತಿರಲಿಲ್ಲ.

ಹಾಗಾದರೆ ಕಲಾವಿದನ ಅಧಿಕಾರದ ಮೇರೆ ಇಷ್ಟು: ತೋರಿಸುವುದರಲ್ಲಿ ಹಗೆಯಿರಬಾರದು, ಕುಲವನ್ನು ಪ್ರಶ್ನಿಸಿದವನು ಪ್ರಭುತ್ವವನ್ನು ಬಿಡಬಾರದು, ತೆರಬೇಕಾದ ಬೆಲೆಯನ್ನು ತಾನೂ ತೆರಲು ಸಿದ್ಧನಿರಬೇಕು. ಇಷ್ಟಿದ್ದವನು ನುಡಿದ ಅಪ್ರಿಯಸತ್ಯವನ್ನು ಕೇಳಿಸಿಕೊಳ್ಳುವುದು ಸಜ್ಜನರ ಧರ್ಮ. ಪಟ್ಟಾಭಿರಾಮ ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಪ್ರಾಣೇಶಾಚಾರ್ಯನು ಕೇಳಿದ ಪ್ರಶ್ನೆಯಾದರೋ ಇನ್ನೂ ನಮ್ಮ ಮನೆಗಳ ಪಡಸಾಲೆಯಲ್ಲಿ ಕುಳಿತಿದೆ.