ತೂಕ ಇಳಿಸುವ ಶಸ್ತ್ರಚಿಕಿತ್ಸೆ: ವಿಶ್ವಾಸಿಯ ಮನಸ್ಸಾಕ್ಷಿಗೆ ಕೆಲವು ಮಾತು



ಜೆರುಸಲೇಮಿನ ಕುರಿಬಾಗಿಲ ಬಳಿಯ ಕೊಳದ ದಂಡೆಯಲ್ಲಿ 38 ವರ್ಷಗಳಿಂದ ಕಾಯಿಲೆಯಾಗಿ ಮಲಗಿದ್ದ ಒಬ್ಬ ಮನುಷ್ಯನನ್ನು ಸಂತ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಗುಣವಾಗುವ ಇಷ್ಟ ಅವನಿಗೆ ಉಂಟೋ ಇಲ್ಲವೋ ಎಂದು ಪ್ರಭು ಯೇಸು ಕೇಳುತ್ತಾರೆ. ಇದೇನು ಕೇಳುವ ಮಾತೇ ಎಂದು ನಮಗೆ ಅನ್ನಿಸಬಹುದು. ಆದರೆ ಆ ಮನುಷ್ಯನೂ ನೇರವಾಗಿ ಹೌದು ಎನ್ನಲಿಲ್ಲ. ತನ್ನನ್ನು ನೀರಿಗೆ ಇಳಿಸುವವರು ಯಾರೂ ಇಲ್ಲ ಎಂದು ತನ್ನ ಕಷ್ಟ ತೋಡಿಕೊಂಡ. ಗುಣವಾದ ಮೇಲೆ ಅವನು ತನ್ನ ಹಾಸಿಗೆಯನ್ನು ತಾನೇ ಹೊರಬೇಕಾಯಿತು. ಅಂದು ಸಬ್ಬತ್ ದಿನವಾಗಿದ್ದರಿಂದ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜನರ ಆಕ್ಷೇಪಣೆಯೂ ಬಂತು.

ತೂಕ ಇಳಿಸಲು ಹೊಟ್ಟೆಗೆ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ನಮ್ಮ ಕುಟುಂಬಗಳಲ್ಲಿ ಈಗ ಪಿಸುಮಾತಿನ ಚರ್ಚೆ ನಡೆಯುತ್ತಿದೆ. ವೈದ್ಯರು ಇದನ್ನು ಬೇರಿಯಾಟ್ರಿಕ್ ಸರ್ಜರಿ ಎನ್ನುತ್ತಾರೆ. ಒಬ್ಬ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ವಯಸ್ಸು 42, ಎತ್ತರ 155 ಸೆಂಟಿಮೀಟರ್, ತೂಕ 100 ಕಿಲೋ. ಸಕ್ಕರೆ ಕಾಯಿಲೆ ಇದೆ, ರಕ್ತದ ಒತ್ತಡ ಇದೆ, ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ. ಮೊಣಕಾಲೂರಲು ಆಗದೆ ಬಲಿಪೂಜೆಯಲ್ಲಿ ಕಡೆಯ ಬೆಂಚಿನಲ್ಲಿ ಕೂರುತ್ತಾಳೆ. ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದ್ದಾರೆ. ಮನೆಗೆ ಬಂದು ಹೇಳಿದರೆ ಅತ್ತೆ ಅನ್ನುತ್ತಾರೆ: "ದೇವರು ಕೊಟ್ಟ ಹೊಟ್ಟೇನ ಕೊಯ್ಸಿಕೊಳ್ತೀಯೇನಮ್ಮಾ? ಸ್ವಲ್ಪ ಬಾಯಿ ಕಟ್ಟಿದ್ರೆ ಆಗೋದಿಲ್ವಾ?"

ಆ ಹಿರಿಯರು ಕೆಟ್ಟವರಲ್ಲ. ಆದರೂ ಅವರ ಮಾತಿನಲ್ಲಿ ಎರಡು ಆರೋಪಗಳಿವೆ. ಸ್ಥೂಲಕಾಯವು ಹೊಟ್ಟೆಬಾಕತನದ ಫಲ ಎಂಬುದು ಒಂದು. ದೇವರು ಕೊಟ್ಟ ಅಂಗವನ್ನು ಕತ್ತರಿಸುವುದು ತಪ್ಪು ಎಂಬುದು ಇನ್ನೊಂದು. ಎರಡನ್ನೂ ವಿಚಾರಿಸಿ ನೋಡಬೇಕು.

ಹುಟ್ಟುಕುರುಡನನ್ನು ಕಂಡು ಶಿಷ್ಯರು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ವಿಚಾರಿಸಿದರು. ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು. ದಪ್ಪಗಿರುವವರನ್ನು ಕಂಡಾಗ ನಾವು ಮಾಡುವುದೂ ಅದೇ ಲೆಕ್ಕಾಚಾರ. ಹೊಟ್ಟೆಬಾಕತನ ಪಾಪವೆಂಬುದರಲ್ಲಿ ಸಂಶಯವಿಲ್ಲ. ಮಿತಿಮೀರಿ ಉಣ್ಣುವುದು ರೋಗಕ್ಕೆ ದಾರಿ ಎಂದು ಸಿರಾಖನ ಗ್ರಂಥದ 37ನೆಯ ಅಧ್ಯಾಯ ಎಚ್ಚರಿಸುತ್ತದೆ; ಧರ್ಮಸಭೆಯ ಕಥೋಲಿಕ ಧರ್ಮೋಪದೇಶವೂ (ಸಂಖ್ಯೆ 2290) ಊಟ, ಮದ್ಯ, ತಂಬಾಕು, ಔಷಧಿ ಎಲ್ಲದರಲ್ಲೂ ಅತಿಯನ್ನು ಬಿಡಿರೆಂದು ಹೇಳುತ್ತದೆ. ಆದರೆ ಪಾಪವಿರುವುದು ಅಂಕೆಯಿಲ್ಲದ ಆಸೆಯಲ್ಲಿ. ಅದನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಸಂತ ಮಹಾ ಗ್ರೆಗೊರಿಯವರು ಹೊಟ್ಟೆಬಾಕತನಕ್ಕೆ ಐದು ಬಗೆ ಹೇಳಿದರು: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯಾದದ್ದೇ ಬೇಕೆನ್ನುವುದು, ಅತಿಯಾಗಿ ತಿನ್ನುವುದು, ಆತುರದಿಂದ ಮುಕ್ಕುವುದು, ರುಚಿಯ ನಾಜೂಕಿನಲ್ಲೇ ಮುಳುಗಿರುವುದು. ಸಂತ ಥಾಮಸ್ ಅಕ್ವಿನಾಸರೂ ಇದನ್ನೇ ಒಪ್ಪಿಕೊಂಡರು. ಐದರಲ್ಲಿ ಪ್ರಮಾಣಕ್ಕೆ ಸೇರಿದ್ದು ಒಂದೇ ಒಂದು! ಸಾರಿಗೆ ಉಪ್ಪು ಕಡಿಮೆ ಎಂದು ತಟ್ಟೆ ನೂಕಿ ಏಳುವ ಕಡ್ಡಿಯಂಥ ಗಂಡಸೂ ಪಾಪನಿವೇದನೆಗೆ ಹೋಗಬೇಕಾದೀತು.

ಬಾಯಿ ಕಟ್ಟುವ ವಿಷಯಕ್ಕೆ ಬಂದರೆ, ಇಂಥ ತಾಯಂದಿರು ಹತ್ತಾರು ಸಲ ಬಾಯಿ ಕಟ್ಟಿದವರೇ. ತೂಕ ಇಳಿದಂತೆಲ್ಲ ದೇಹವೇ ಎದುರು ನಿಲ್ಲುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ದೇಹ ಖರ್ಚು ಮಾಡುವ ಶಕ್ತಿ ತಗ್ಗುತ್ತದೆ. ವಂಶದಿಂದ ಬಂದ ಗುಣವೂ ಇದಕ್ಕೆ ಸೇರುತ್ತದೆ. ಹೀಗಾಗಿ ತಪಸ್ಸುಕಾಲದಲ್ಲಿ ಇಳಿದ ಐದು ಕಿಲೋ ಆರೋಗ್ಯಮಾತೆಯ ಹಬ್ಬದ ಹೊತ್ತಿಗೆ ಏಳಾಗಿ ಹಿಂತಿರುಗುತ್ತದೆ. ಅದನ್ನು ಕಂಡು ಆಕೆಗೆ ಮನೋಬಲವಿಲ್ಲ ಎಂದು ತೀರ್ಪು ಕೊಡುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ಎರಡನೆಯ ಆರೋಪ ಇನ್ನಷ್ಟು ಗಂಭೀರವಾದುದು. ನಾವು ನಮ್ಮ ದೇಹದ ಒಡೆಯರಲ್ಲ, ಪಾಲಕರು. ಅದು ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದವರಿಗೆ ಬೋಧಿಸಿದರು. ಆದ್ದರಿಂದ ಅಂಗವನ್ನು ಮನಸ್ಸಿಗೆ ಬಂದಂತೆ ಕತ್ತರಿಸುವಂತಿಲ್ಲ. ಇಡೀ ದೇಹದ ಒಳಿತಿಗೆ ಬೇರೆ ದಾರಿಯಿಲ್ಲದಾಗ ಮಾತ್ರ ಅಂಗವನ್ನು ತೆಗೆಯಬಹುದೆಂದು 11ನೆಯ ಭಕ್ತಿನಾಥರು ಎಂದರೆ ಹನ್ನೊಂದನೆಯ ಪಯಸ್ ಜಗದ್ಗುರುಗಳು 1930ರಲ್ಲಿ ಬರೆದರು. 1953ರ ಅಕ್ಟೋಬರ್ 8ರಂದು ಇಟಲಿಯ ಮೂತ್ರಾಂಗ ತಜ್ಞರನ್ನು ಉದ್ದೇಶಿಸಿ ಮಾತನಾಡಿದ ಹನ್ನೆರಡನೆಯ ಪಯಸ್ ಜಗದ್ಗುರುಗಳು ಇದನ್ನು ಇನ್ನೂ ಬಿಡಿಸಿ ಹೇಳಿದರು. ಆ ಅಂಗ ಇರುವುದರಿಂದ ಅಥವಾ ಕೆಲಸ ಮಾಡುವುದರಿಂದ ಇಡೀ ದೇಹಕ್ಕೆ ಭಾರಿ ಹಾನಿಯಾಗುತ್ತಿರಬೇಕು. ಆ ಹಾನಿಯನ್ನು ತಪ್ಪಿಸಲು ಅಥವಾ ಸಾಕಷ್ಟು ತಗ್ಗಿಸಲು ಬೇರೆ ಉಪಾಯ ಇರಬಾರದು, ಚಿಕಿತ್ಸೆಯಿಂದ ಗುಣ ಸಿಗುವ ಭರವಸೆಯೂ ಇರಬೇಕು. ಆಗುವ ನಷ್ಟಕ್ಕಿಂತ ಲಾಭ ಹೆಚ್ಚೆಂದು ವಿವೇಕದಿಂದ ನಿರೀಕ್ಷಿಸುವಂತಿರಬೇಕು. ಅಂಗವು ತಾನೇ ರೋಗಗ್ರಸ್ತವಾಗಿರಬೇಕೆಂದೇನೂ ಇಲ್ಲ ಎಂಬುದನ್ನು ಗಮನಿಸಿ.

ಈ ಅಳತೆಗೋಲನ್ನು ಹಿಡಿದು ನೋಡೋಣ. ಈಗ ಹೆಚ್ಚಾಗಿ ಮಾಡುವುದು ಎರಡು ಬಗೆ. 'ಸ್ಲೀವ್' ಎಂಬುದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಕಿರಿದಾದ ಕೊಳವೆಯಾಗಿ ಮಾಡುತ್ತಾರೆ. ತೆಗೆದದ್ದನ್ನು ಮತ್ತೆ ಜೋಡಿಸುವಂತಿಲ್ಲ. 'ಬೈಪಾಸ್' ಎಂಬುದರಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ಸಣ್ಣಕರುಳಿಗೆ ಸೇರಿಸುತ್ತಾರೆ. ಇದರ ಮೊದಲ ರೂಪವನ್ನು 1966ರಲ್ಲಿ ಅಮೆರಿಕದ ಅಯೋವಾದಲ್ಲಿ ವೈದ್ಯರಾದ ಮೇಸನ್ ಮತ್ತು ಇಟೊ ಮಾಡಿದರು. ಹೊಟ್ಟೆ ಚಿಕ್ಕದಾಗುವುದರ ಜೊತೆಗೆ ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ. ಹಲವರಲ್ಲಿ ಸಕ್ಕರೆ ಕಾಯಿಲೆ ತೂಕ ಇಳಿಯುವ ಮೊದಲೇ ಹಿಡಿತಕ್ಕೆ ಬರುತ್ತದೆ.

ಯಾರಿಗೆ ಇದು ತಕ್ಕದ್ದು? ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಮೇಲೆ ಹೇಳಿದ ತಾಯಿಯದು 41ಕ್ಕೂ ಹೆಚ್ಚು. 1991ರಲ್ಲಿ ಅಮೆರಿಕದ ತಜ್ಞರು 40, ಜೊತೆಗೆ ಬೇರೆ ಕಾಯಿಲೆಯಿದ್ದರೆ 35 ಎಂದು ಗೆರೆ ಎಳೆದಿದ್ದರು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರು ಅದನ್ನು ಇಳಿಸಿ, ಕಾಯಿಲೆ ಇರಲಿ ಇಲ್ಲದಿರಲಿ 35 ಎಂದರು. ನಾವು ಏಷ್ಯಾದವರಿಗೆ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದರಿಂದ ಗೆರೆ ಇನ್ನೂ ಕೆಳಗಿದೆ. ಆದರೆ ಗೆರೆ ದಾಟಿದವರೆಲ್ಲ ಮಾಡಿಸಿಕೊಳ್ಳಲೇಬೇಕು ಎಂದು ತಿಳಿಯಬೇಡಿ. ಪಥ್ಯ, ನಡಿಗೆ, ಮಾತ್ರೆ, ಈಚೆಗೆ ಬಂದಿರುವ ವಾರಕ್ಕೊಂದು ಚುಚ್ಚುಮದ್ದು, ಇವುಗಳಿಂದ ಸಾಧ್ಯವೇ ಎಂದು ಮೊದಲು ಕೇಳಬೇಕು. ಎರಡನೆಯ ಷರತ್ತು ಅದೇ ಅಲ್ಲವೇ?

ಲಾಭನಷ್ಟದ ಮಾತು. ಸ್ವೀಡನ್ ದೇಶದಲ್ಲಿ 1987ರಿಂದ ಸಾವಿರಾರು ಜನರನ್ನು ಗಮನಿಸುತ್ತ ಬಂದ ಅಧ್ಯಯನದ 2020ರ ವರದಿಯ ಪ್ರಕಾರ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅಷ್ಟೇ ದಪ್ಪಗಿದ್ದು ಮಾಡಿಸಿಕೊಳ್ಳದವರಿಗಿಂತ ಸುಮಾರು 3 ವರ್ಷ ಹೆಚ್ಚು ಬದುಕಿದರು; ಆದರೂ ಸಾಮಾನ್ಯ ಜನರಿಗಿಂತ ಅವರ ಆಯುಷ್ಯ ಸುಮಾರು ಐದೂವರೆ ವರ್ಷ ಕಡಿಮೆಯೇ ಇತ್ತು. ಪವಾಡವೆಂದು ಸಾರುವ ಜಾಹೀರಾತುಗಳು ಈ ಎರಡನೆಯ ಸಂಖ್ಯೆಯನ್ನು ಹೇಳುವುದಿಲ್ಲ. ರಕ್ತಸ್ರಾವ, ಹೊಲಿಗೆಯಲ್ಲಿ ಸೋರಿಕೆ, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವುದು, ಇಂಥ ಅಪಾಯಗಳೂ ಉಂಟು. ಪಳಗಿದ ಕೈಗಳಲ್ಲಿ ಸಾವು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಆದ್ದರಿಂದ ತಿಳಿದು, ಪ್ರಾರ್ಥಿಸಿ, ಮಾಡಿಸಿಕೊಳ್ಳುವವರು ದೇವರ ಸೃಷ್ಟಿಯನ್ನು ಅವಮಾನಿಸುವುದಿಲ್ಲ. ಹೆದರಿಕೆಯಿಂದಲೋ ಖರ್ಚು ಭರಿಸಲಾಗದೆಯೋ ಬೇಡವೆಂದವರೂ ಪಾಪ ಮಾಡುವುದಿಲ್ಲ. ಅತಿ ಭಾರವಾದ ಚಿಕಿತ್ಸೆಗೆ ಯಾರೂ ಬದ್ಧರಲ್ಲವೆಂದು ಅದೇ ಜಗದ್ಗುರುಗಳು 1957ರಲ್ಲಿ ತಿಳಿಸಿದರು. ಆದರೆ ಒಂದು ಕಾರಣಕ್ಕೆ ನಾನು ಎಂದೂ ತಲೆಯಾಡಿಸಲಾರೆ. ಹೆಣ್ಣು ನೋಡಲು ಬಂದವರು ಹುಡುಗಿ ದಪ್ಪ ಎಂದು ಎದ್ದು ಹೋದರೆಂದು, ಆರೋಗ್ಯವಾಗಿರುವ ಮಗಳನ್ನು ತಂದೆತಾಯಿಗಳೇ ಆಸ್ಪತ್ರೆಗೆ ನೂಕುವುದು! ದೇಹದ ಆರಾಧನೆ ಬೇಡವೆಂದು ಧರ್ಮೋಪದೇಶ (ಸಂಖ್ಯೆ 2289) ಹೇಳುವುದು ಇಂಥದ್ದಕ್ಕೇ. ಇನ್ನೊಬ್ಬರ ಒತ್ತಾಯಕ್ಕೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ.

ತೀರ್ಮಾನವಾದ ಮೇಲೆ, ಆಸ್ಪತ್ರೆಗೆ ಸೇರುವ ಮುನ್ನ ಗುರುಗಳನ್ನು ಕಾಣಿರಿ. ಗಂಭೀರ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆಗೆ ಹೋಗುವವರು ರೋಗಿಗಳ ಅಭ್ಯಂಗನ ಸಂಸ್ಕಾರ ಪಡೆಯಬಹುದು. ಅದು ಸಾಯುವವರಿಗೆ ಮಾತ್ರ ಎಂಬ ಹಳೆಯ ಭಯವನ್ನು ಬಿಡಿ.

ಇನ್ನು ಹಾಸಿಗೆ ಹೊರುವ ಭಾಗ. ಮೊದಲ ವಾರಗಳಲ್ಲಿ ನೀರಾದ ಆಹಾರ, ಆಮೇಲೆ ಕಿವುಚಿದ್ದು, ಆಮೇಲೆ ಮೆತ್ತನೆಯದು. ಊಟವೆಂದರೆ ಕೆಲವು ಚಮಚ. ಮೊಟ್ಟೆ, ಮೀನು, ಬೇಳೆ, ಮೊಸರು ಮೊದಲು. ಅನ್ನ ಕಡೆಗೆ, ಜಾಗ ಉಳಿದರೆ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಆಮೇಲೆ ಅರ್ಧ ಗಂಟೆ ಕಾಯಬೇಕು. ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು. ಮುದ್ದೆಯನ್ನು ಅಗಿಯದೆ ನುಂಗುವುದೇ ಸೊಗಸು ಎನ್ನುವ ಸೀಮೆಯವರಿಗೆ ಇದು ಸಣ್ಣ ತಪಸ್ಸಲ್ಲ. ಬೈಪಾಸ್ ಆದವರು ಸಿಹಿ ತಿಂದರೆ ಬೆವರು, ಎದೆಬಡಿತ, ಹೊಟ್ಟೆ ಕಲಕು ಬರಬಹುದು. ಮೂರು ನಾಲ್ಕು ತಿಂಗಳಿಗೆ ಕೂದಲು ಉದುರಿ ಗಾಬರಿಯಾಗುತ್ತದೆ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳು ಜೀವಮಾನವಿಡೀ, ರಕ್ತಪರೀಕ್ಷೆಯೂ ಹಾಗೆಯೇ. ತೆಳ್ಳಗಾದೆನಲ್ಲ ಎಂದು ಮಾತ್ರೆ ಬಿಟ್ಟವರು ಕೈಕಾಲು ಜೋಮು ಹಿಡಿದು ಮತ್ತೆ ಆಸ್ಪತ್ರೆ ಸೇರಿಯಾರು.

ಮರುಭೂಮಿಯಲ್ಲಿ ಇಸ್ರಯೇಲರು ಮನ್ನಾ ಕೂಡಿಸಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರೆಯಾಗಲಿಲ್ಲ. ನಾಳೆಗೆಂದು ಇಟ್ಟುಕೊಂಡದ್ದು ಹುಳ ಹಿಡಿಯಿತು. ಅಂದಂದಿನ ಆಹಾರಕ್ಕಾಗಿ ನಾವು ದಿನವೂ ಪ್ರಾರ್ಥಿಸುತ್ತೇವಾದರೂ ಆ ಅಳತೆಯನ್ನು ತಟ್ಟೆಯಲ್ಲಿ ಕಾಣುವುದು ಇಂಥವರೇ. ನಮ್ಮಲ್ಲಿ ಪ್ರೀತಿ ತೋರಿಸುವುದೆಂದರೆ ಬಡಿಸುವುದು. ದೀಕ್ಷಾಸ್ನಾನದ ಊಟಕ್ಕೆ ಆಕೆ ಬಂದು ಎರಡು ಚೂರು ಮಾಂಸ ತಿಂದು ಕೈತೊಳೆದರೆ, "ಯಾಕಕ್ಕಾ, ನಮ್ಮ ಮೇಲೆ ಕೋಪಾನಾ? ಇನ್ನೊಂಚೂರು ಬಿರಿಯಾನಿ ಹಾಕಿಸ್ಕೊಳ್ಳಿ" ಎಂದು ಸೌಟು ಹಿಡಿದು ನಿಲ್ಲಬೇಡಿ. ಆ ಒಂದು ಸೌಟು ಆಕೆಗೆ ವಾಂತಿ.

ಹೇಳಲು ಸಂಕೋಚಪಡುವ ಇನ್ನೊಂದು ನೋವಿದೆ. ದುಃಖ ಬಂದಾಗ, ಒಂಟಿಯಾದಾಗ ಊಟವೇ ಆಕೆಗೆ ಸಂಗಾತಿಯಾಗಿತ್ತು. ಈಗ ಆ ಸಂಗಾತಿ ಇಲ್ಲ. ಎಲ್ಲರೂ ಹೊಗಳುತ್ತಿರುವಾಗ ಆಕೆ ಅಡುಗೆಮನೆಯಲ್ಲಿ ನಿಂತು ಅಳುತ್ತಿರಬಹುದು. ಕೆಲವರಿಗೆ ಖಿನ್ನತೆ ಬರುತ್ತದೆ, ಬದುಕೇ ಬೇಡವೆನ್ನಿಸುವುದೂ ಉಂಟು. ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಗಂಡಸರಿಗೂ ಹೆಂಗಸರಿಗೂ ಒಂದು ಎಚ್ಚರಿಕೆ: ಬೈಪಾಸ್ ಆದ ಮೇಲೆ ಮದ್ಯ ಬೇಗ ರಕ್ತಕ್ಕೇರುತ್ತದೆ, ಮೊದಲು ಚಟವಿಲ್ಲದವರೂ ಕುಡಿತಕ್ಕೆ ಬಿದ್ದಿದ್ದಾರೆ. ಹೆಂಡತಿ ಚೆಲುವಾದಳೆಂದು ಸಂಶಯಪಡುವ ಗಂಡನೂ ಇದ್ದಾನೆ. ಅವನೂ ಆಪ್ತಸಮಾಲೋಚಕರ ಬಳಿ ಜೊತೆಗೆ ಹೋಗಲಿ.

ಎಳೆಯ ದಂಪತಿಗಳೇ, ತೂಕ ಇಳಿದಾಗ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಮೊದಲ 12ರಿಂದ 18 ತಿಂಗಳು ಗರ್ಭ ಬೇಡವೆಂದು ವೈದ್ಯರು ಹೇಳುತ್ತಾರೆ, ಮಗುವಿಗೆ ಪೋಷಣೆ ಸಾಲದು ಎಂದು. ಗರ್ಭವನ್ನು ಮುಂದೂಡಲು ಇದು ನ್ಯಾಯವಾದ ಕಾರಣವೇ. ಸಹಜ ಕುಟುಂಬ ಯೋಜನೆಯನ್ನು ಶಸ್ತ್ರಚಿಕಿತ್ಸೆಗೆ ಕೆಲವು ತಿಂಗಳ ಮೊದಲೇ ಕಲಿಯಿರಿ. ಆಮೇಲೆ ಮುಟ್ಟು ಏರುಪೇರಾಗುವುದರಿಂದ ಲಕ್ಷಣ ಗುರುತಿಸುವುದು ಹೊಸಬರಿಗೆ ಕಷ್ಟ. ಗಂಡನ ಸಂಯಮವಿಲ್ಲದೆ ಇದು ನಡೆಯುವುದಿಲ್ಲ.

ಒಂದೆರಡು ವರ್ಷಗಳಾದ ಮೇಲೆ ಸ್ವಲ್ಪ ತೂಕ ಮರಳುವುದು ಸಾಮಾನ್ಯ. "ಅಷ್ಟು ದುಡ್ಡು ಸುರಿದು ಏನಾಯ್ತು?" ಎಂದು ಚರ್ಚಿನ ಅಂಗಳದಲ್ಲಿ ಕೇಳುವವರಿಗೆ ಆಕೆ ಉತ್ತರಿಸಬೇಕಾಗಿಲ್ಲ, ವೈದ್ಯರಿಗೆ ತೋರಿಸಿದರೆ ಸಾಕು.

ಕೊನೆಗೆ, ಹಲವರು ಕೇಳುವ ಸಂಗತಿ. ಬೂದಿ ಬುಧವಾರ, ಶುಭ ಶುಕ್ರವಾರಗಳ ಉಪವಾಸ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಅನ್ವಯಿಸುತ್ತದೆ, ಆದರೆ ಅದರಿಂದ ಆರೋಗ್ಯ ಕೆಡುವವರು ಅದಕ್ಕೆ ಒಳಪಡುವುದಿಲ್ಲ. ಶಸ್ತ್ರಚಿಕಿತ್ಸೆಯಾದವರು ಹೊತ್ತು ಹೊತ್ತಿಗೆ ತಿನ್ನಲೇಬೇಕು. ಬದಲಿಗೆ ಜಪಸರ, ಶಿಲುಬೆಯ ಹಾದಿ, ದಾನ ಇವೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರು, ಔಷಧಿ ಮುರಿಯುವುದಿಲ್ಲ. ಕಾಯಿಲೆಯವರು ಮತ್ತು ಅವರ ಆರೈಕೆ ಮಾಡುವವರು ಆ ಗಂಟೆಯೊಳಗೆ ಏನಾದರೂ ಸೇವಿಸಿದ್ದರೂ ಸ್ವೀಕರಿಸಬಹುದೆಂದು ಧರ್ಮಸಭೆಯ ಕಾನೂನು (919) ಹೇಳುತ್ತದೆ. ಮೊದಲ ವಾರಗಳಲ್ಲಿ ಇಡೀ ಪ್ರಸಾದ ಇಳಿಯದಿದ್ದರೆ ಕಾಳಿನಷ್ಟು ತುಣುಕನ್ನು ಒಂದು ಗುಟುಕು ನೀರಿನೊಂದಿಗೆ ತೆಗೆದುಕೊಳ್ಳಿ. ಆ ತುಣುಕಿನಲ್ಲೂ ಕ್ರಿಸ್ತರು ಪೂರ್ಣರಾಗಿಯೇ ಇದ್ದಾರೆ. ಪೂಜೆಗೆ ಮುನ್ನ ಗುರುಗಳಿಗೆ ತಿಳಿಸಿರಿ, ಅವರು ಮುರಿದು ಕೊಡುತ್ತಾರೆ. ಚರ್ಚಿಗೆ ಬರಲಾಗದಿದ್ದರೆ ಮನೆಗೇ ತರುತ್ತಾರೆ.